ಮಾರ್ಷಲ್ ಪರೀಕ್ಷೆಯಲ್ಲಿ ಪಾಸಾದ ರಸ್ತೆ ಮೊಸಳೆ ಚರ್ಮವಾದದ್ದೇಕೆ?

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನ ಒಂದು ರಸ್ತೆಗೆ 50 ಮಿ.ಮೀ. ಡಿಬಿಎಂ (ಡಾಂಬರು-ಜಲ್ಲಿಯ ಕೆಳಪದರ), ಅದರ ಮೇಲೆ 30 ಮಿ.ಮೀ. ಬಿ.ಸಿ. (ಮೇಲ್ಪದರದ ಬಿಟುಮಿನಸ್ ಕಾಂಕ್ರೀಟ್) ಹಾಕಿದ್ದೆವು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಎಡಚಕ್ರದ ಜಾಡಿನುದ್ದಕ್ಕೂ ಮೊಸಳೆ ಚರ್ಮದಂತೆ ಬಿರುಕು ಬಿಟ್ಟಿದೆ. ಬಿ.ಸಿ. ಮಿಶ್ರಣದ ಮಾರ್ಷಲ್ ಸ್ಟೆಬಿಲಿಟಿ (ಮುರಿಯುವ ಮುನ್ನ ಬಿಲ್ಲೆ ತಾಳಿದ ಗರಿಷ್ಠ ಭಾರ) 14 ಕಿಲೋನ್ಯೂಟನ್, ಫ್ಲೋ (ಅಷ್ಟರಲ್ಲಿ ಬಿಲ್ಲೆ ಅದುಮಿಹೋದ ಅಳತೆ) 2.4 ಮಿ.ಮೀ. ಬಂದಿತ್ತು. ವಿಜಿ-30 ದರ್ಜೆಯ ಡಾಂಬರು ಶೇ. 5.4. ಮುಂದಿನ ಕೆಲಸ ಬೇಲೂರು–ಮೂಡಿಗೆರೆ ಕಡೆ ಇದೆ. ಬಿರುಕು ತಡೆಯುವ ಶಕ್ತಿಯನ್ನು ಕೆಲಸಕ್ಕೆ ಮೊದಲೇ ಪರೀಕ್ಷಿಸಿ ತಿಳಿಯಬಹುದೇ? ಯಾವ ಪರೀಕ್ಷೆ ಮಾಡಿಸಬೇಕು?

ಉತ್ತರ: ತಿಳಿಯಬಹುದು. ಆದರೆ ಮಾರ್ಷಲ್ ಪರೀಕ್ಷೆಯಿಂದಲ್ಲ, ಅದು ಆ ಕೆಲಸಕ್ಕೆಂದು ಹುಟ್ಟಿದ್ದೇ ಅಲ್ಲ. 1930ರ ದಶಕದ ಕೊನೆಯಲ್ಲಿ ಅಮೆರಿಕದ ಮಿಸಿಸಿಪಿ ಹೆದ್ದಾರಿ ಇಲಾಖೆಯಲ್ಲಿದ್ದ ಬ್ರೂಸ್ ಮಾರ್ಷಲ್ ರೂಪಿಸಿದ ವಿಧಾನವದು. 60 ಡಿಗ್ರಿ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆದ ಬಿಲ್ಲೆಯನ್ನು ಒಂದೇ ಸಲ ಅದುಮಿ ಮುರಿಯುತ್ತಾರೆ. ಮಿಶ್ರಣ ಬಿಸಿಲಿಗೆ ಮೆತ್ತಗಾಗಿ ಚಕ್ರದಡಿ ಜರುಗುತ್ತದೆಯೇ ಎಂಬುದಕ್ಕೆ ಒಂದು ಅಂದಾಜು ಸಿಗುತ್ತದೆ, ಅಷ್ಟೆ. ಪದರ ಕೂದಲೆಳೆಯಷ್ಟು ಬಾಗಿ ಮತ್ತೆ ನೇರವಾಗುವುದು ಹತ್ತಾರು ಲಕ್ಷ ಸಲ ನಡೆದರೆ ಏನಾಗುತ್ತದೆ ಎಂಬುದರ ಬಗ್ಗೆ ಆ ಯಂತ್ರ ಏನನ್ನೂ ಹೇಳುವುದಿಲ್ಲ.

ಹಾಗಿದ್ದರೂ ನಿಮ್ಮದೇ ಅಂಕಿಗಳಲ್ಲಿ ಒಂದು ಸುಳಿವಿತ್ತು. 14 ಅನ್ನು 2.4ರಿಂದ ಭಾಗಿಸಿ: 5.8. ಇದು ಮಾರ್ಷಲ್ ಕೋಶೆಂಟ್. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಸ್ಪೆಸಿಫಿಕೇಶನ್ನಿನ 2013ರ ಐದನೇ ಪರಿಷ್ಕರಣೆಯಲ್ಲಿ ಇದು 2ರಿಂದ 5ರೊಳಗೆ ಇರಬೇಕು. ಸ್ಟೆಬಿಲಿಟಿ 9ಕ್ಕಿಂತ ಹೆಚ್ಚು, ಫ್ಲೋ 2ರಿಂದ 4ರೊಳಗೆ ಎಂದು ಎರಡನ್ನೂ ಬೇರೆಬೇರೆಯಾಗಿ ನೋಡಿ ಪಾಸ್ ಎಂದು ಬರೆದುಬಿಟ್ಟರೆ ಈ ಮೂರನೆಯದು ಕಣ್ತಪ್ಪುತ್ತದೆ. ನಿಮ್ಮ ಮಿಶ್ರಣ ಗಡುಸಾಗಿತ್ತು. ಡಾಂಬರೂ ಬಿ.ಸಿ. ಎರಡನೇ ಗ್ರೇಡಿಂಗ್‌ನ (ಜಲ್ಲಿ ಗಾತ್ರಗಳ ಹಂಚಿಕೆಯ) ಕನಿಷ್ಠ ಮಿತಿಯಾದ ಶೇ. 5.4ರಲ್ಲೇ ನಿಂತಿತ್ತು. ಸ್ಟೆಬಿಲಿಟಿ ಹೆಚ್ಚಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಸೈಟುಗಳಲ್ಲಿ ಬಹಳ ಗಟ್ಟಿಯಾಗಿ ಕೂತಿದೆ. 80 ಮಿ.ಮೀ.ನಂಥ ತೆಳು ಪದರಕ್ಕೆ ಆ ನಂಬಿಕೆ ಹಾನಿಕರ.

ಹೊಸ ಕೆಲಸದ ಪರೀಕ್ಷೆಗೆ ಹೋಗುವ ಮೊದಲು ಹಳೆಯ ರಸ್ತೆಯಿಂದಲೇ ಕೋರ್ (ಕೊರೆದು ತೆಗೆದ ದುಂಡು ತುಂಡು) ತೆಗೆಯಿರಿ. 150 ಮಿ.ಮೀ. ವ್ಯಾಸದವು ಆರು ಸಾಕು: ಮೂರು ಬಿರುಕಿನ ಮೇಲೆಯೇ, ಇನ್ನು ಮೂರು ಅದೇ ಜಾಗದ ಎದುರಿಗೆ ಎರಡು ಚಕ್ರದ ಜಾಡುಗಳ ನಡುವೆ ಬಿರುಕಿಲ್ಲದ ಕಡೆ. ಕೋರ್ ಕೈಗೆ ಬಂದೊಡನೆ ತೊಳೆದು, ಒರೆಸಿ, ಪಕ್ಕದಿಂದ ನೋಡಿ. ಬಿರುಕು ತಳದಲ್ಲಿ ಅಗಲವಾಗಿದ್ದು ಮೇಲೇರುತ್ತಾ ಕಿರಿದಾಗಿದ್ದರೆ ಅದು ಕೆಳಗಿನಿಂದ ಹುಟ್ಟಿದ ದಣಿವಿನ (ಮತ್ತೆ ಮತ್ತೆ ಬಾಗಿ ಸೋತ) ಬಿರುಕು. ಮೇಲಿನ ಹತ್ತಿಪ್ಪತ್ತು ಮಿ.ಮೀ.ನಲ್ಲೇ ನಿಂತಿದ್ದರೆ ಮೇಲಿನಿಂದ ಇಳಿಯುತ್ತಿರುವುದು, ಹೆಚ್ಚಾಗಿ ಡಾಂಬರು ಬೇಗ ಮುಪ್ಪಾಗಿ ಪೆಡಸಾದದ್ದರ ಫಲ. ಬಿ.ಸಿ. ಮತ್ತು ಡಿಬಿಎಂ ಬಿಲ್ಲೆಗಳು ಬೇರೆಬೇರೆಯಾಗಿ ಕೈಗೆ ಬಂದರೆ ಪದರಗಳನ್ನು ಅಂಟಿಸುವ ಟ್ಯಾಕ್ ಕೋಟ್ ಹಿಡಿದಿಲ್ಲ ಎಂದರ್ಥ. ಹಳೆ ಡಾಂಬರಿನ ಮೇಲೆ ಚದರ ಮೀಟರಿಗೆ 0.20ರಿಂದ 0.30 ಕಿಲೋ ಎಮಲ್ಶನ್ (ನೀರಿನಲ್ಲಿ ಬೆರೆಸಿದ ಡಾಂಬರು) ಬೀಳಬೇಕು, ಬಿದ್ದದ್ದು ಕಂದುಬಣ್ಣ ಬಿಟ್ಟು ಕಪ್ಪಾದ ಮೇಲಷ್ಟೇ ಮಿಶ್ರಣ ಹರಡಬೇಕು. ಪದರಗಳು ಅಂಟದಿದ್ದರೆ 80 ಮಿ.ಮೀ. ಒಂದಾಗಿ ಬಾಗುವ ಬದಲು 30 ಬೇರೆ, 50 ಬೇರೆ ಬಾಗುತ್ತವೆ. ಹಾಗಾದಾಗ ಪ್ರತಿ ಪದರದ ತಳವೂ ತನ್ನ ಪಾಡಿಗೆ ಎಳೆತಕ್ಕೆ ಸಿಗುತ್ತದೆ. ಇನ್ನು ಕೋರಿನ ತಳ ಪುಡಿಪುಡಿಯಾಗಿ, ಜಲ್ಲಿ ಡಾಂಬರು ಕಳಚಿ ಬೆತ್ತಲಾಗಿ ಕಂಡರೆ ನೀರಿನ ಕೆಲಸ. ಮೇಲಿನಿಂದ ಅದೂ ಮೊಸಳೆ ಚರ್ಮದಂತೆಯೇ ಕಾಣುತ್ತದೆ, ಆದರೆ ಮದ್ದು ಬೇರೆ.

ಬಿರುಕಿಲ್ಲದ ಕೋರುಗಳ ಏರ್ ವಾಯ್ಡ್ಸ್ (ಮಿಶ್ರಣದೊಳಗಿನ ಗಾಳಿ ಜಾಗದ ಪಾಲು) ಅಳೆಸಿ. ನಮ್ಮ ಮಟ್ಟಿಗೆ ಇಡೀ ವಿಚಾರದ ಗಂಟು ಇಲ್ಲಿದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ರಸ್ತೆ ವಿನ್ಯಾಸ ಮಾರ್ಗಸೂಚಿ ಐಆರ್‌ಸಿ 37-2018ರ ದಣಿವಿನ ಸೂತ್ರದಲ್ಲಿ ‘ಸಿ’ ಎಂಬ ಒಂದು ಗುಣಕವಿದೆ. ಪರಿಣಾಮಕಾರಿ ಡಾಂಬರಿನ (ಜಲ್ಲಿ ಹೀರಿಕೊಳ್ಳದೆ ಉಳಿದದ್ದರ) ಗಾತ್ರವನ್ನು ವಾಯ್ಡ್ಸ್ ಮತ್ತು ಡಾಂಬರಿನ ಒಟ್ಟು ಗಾತ್ರದಿಂದ ಭಾಗಿಸಿ, 0.69 ಕಳೆದು, 4.84ರಿಂದ ಗುಣಿಸಿ, 10 ಅನ್ನು ಹಾಗೆ ಬಂದ ಘಾತಕ್ಕೇರಿಸಿದರೆ ಅದೇ ‘ಸಿ’. ವಾಯ್ಡ್ಸ್ ಶೇ. 4, ಡಾಂಬರಿನ ಗಾತ್ರ ಶೇ. 10.5 ಇರುವ ಮಿಶ್ರಣಕ್ಕೆ ‘ಸಿ’ ಸುಮಾರು 1.46. ಅದೇ ಮಿಶ್ರಣ ರಸ್ತೆಯಲ್ಲಿ ಸರಿಯಾಗಿ ರೋಲಾಗದೆ ವಾಯ್ಡ್ಸ್ ಶೇ. 8ಕ್ಕೆ ನಿಂತರೆ ಡಾಂಬರಿನ ಪಾಲು ಶೇ. 10.1ರ ಆಸುಪಾಸಿಗೆ ಇಳಿಯುತ್ತದೆ, ‘ಸಿ’ 0.23ಕ್ಕೆ ಬೀಳುತ್ತದೆ. ಉಳಿದದ್ದೆಲ್ಲ ಇದ್ದಂತೆಯೇ ಇದೆ ಎಂದಿಟ್ಟುಕೊಂಡರೂ ಆಯುಷ್ಯ ಆರರಲ್ಲಿ ಒಂದು ಪಾಲು. ಅದೇ ಜಲ್ಲಿ, ಅದೇ ಡಾಂಬರು, ಅದೇ ಪ್ಲಾಂಟ್. ಅದಕ್ಕೇ ಹೇಳುವುದು: ದಣಿವಿನ ಪರೀಕ್ಷೆ ಯಾವುದೇ ಇರಲಿ, ನಿಮ್ಮ ರಸ್ತೆಯಲ್ಲಿ ನಿಜವಾಗಿ ಉಳಿಯುವ ವಾಯ್ಡ್ಸ್‌ನಲ್ಲಿ ಮಾಡಿಸಿ. ಮಾರ್ಷಲ್ ಸುತ್ತಿಗೆಯ 75 ಪೆಟ್ಟು ತಿಂದು ಶೇ. 4ಕ್ಕೆ ಬಂದ ಬಿಲ್ಲೆ ಕೊಡುವ ಉತ್ತರ ನಿಮ್ಮ ರಸ್ತೆಯದ್ದಲ್ಲ.

ಈಗ ಪರೀಕ್ಷೆಗಳಿಗೆ ಬರೋಣ.

ಎಲ್ಲಕ್ಕಿಂತ ನಂಬಬಹುದಾದದ್ದು ನಾಲ್ಕು ಬಿಂದುಗಳ ಬಾಗು ಪರೀಕ್ಷೆ, ಅಮೆರಿಕದ ಹೆದ್ದಾರಿ ಅಧಿಕಾರಿಗಳ ಸಂಘ ಆಶ್ಟೋದ ಮಾನಕ ಟಿ 321. ಡಾಂಬರು ಮಿಶ್ರಣದ ಪುಟ್ಟ ತೊಲೆಯೊಂದನ್ನು ಹಿಡಿದು ಸೆಕೆಂಡಿಗೆ 10 ಸಲ ಬಾಗಿಸುತ್ತಾರೆ. ತೊಲೆಯ ಅಳತೆ 380 ಮಿ.ಮೀ. ಉದ್ದ, 63 ಅಗಲ, 50 ಎತ್ತರ. ಮೊದಲಿಗೆ ಬಿಡಿ ಮಿಶ್ರಣವನ್ನು ತಟ್ಟೆಯಲ್ಲಿ ತೆಳುವಾಗಿ ಹರಡಿ 135 ಡಿಗ್ರಿ ಓವನ್ನಿನಲ್ಲಿ 4 ಗಂಟೆ ಇಡಬೇಕು, ಗಂಟೆಗೊಮ್ಮೆ ಮಗುಚಬೇಕು. ಪ್ಲಾಂಟಿನಿಂದ ಸೈಟಿನವರೆಗಿನ ಹಾದಿಯಲ್ಲಿ ಡಾಂಬರು ಅನುಭವಿಸುವ ಮುಪ್ಪು ಹೀಗೆ ಕೂಡಿಕೊಳ್ಳುತ್ತದೆ. ಆಮೇಲೆ ರೋಲರ್ ಕಂಪ್ಯಾಕ್ಟರಿನಲ್ಲಿ ಚಪ್ಪಡಿ ಒತ್ತಬೇಕು. 400 × 300 × 75 ಮಿ.ಮೀ. ಚಪ್ಪಡಿಗೆ, ಮಿಶ್ರಣದ ಗರಿಷ್ಠ ಸಾಂದ್ರತೆ 2.500 ಇದ್ದು ಶೇ. 7 ವಾಯ್ಡ್ಸ್ ಬೇಕಿದ್ದರೆ, ಹೆಚ್ಚುಕಡಿಮೆ 20.9 ಕಿಲೋ ಮಿಶ್ರಣ ತೂಗಬೇಕು. ತಣಿದ ಮೇಲೆ ನೀರು ಹರಿಸುವ ಗರಗಸದಲ್ಲಿ ಎಲ್ಲ ಮೈಗಳಿಂದಲೂ ಕನಿಷ್ಠ 6 ಮಿ.ಮೀ. ಕೊಯ್ದು ತೆಗೆದರೆ ಒಂದು ಚಪ್ಪಡಿಗೆ ನಾಲ್ಕು ತೊಲೆ ದಕ್ಕುತ್ತವೆ. ಅಚ್ಚಿಗೆ ತಾಗಿದ ಮೈಯಲ್ಲಿ ಜಲ್ಲಿಯ ಜೋಡಣೆಯೇ ಬೇರೆಯಾಗಿರುವುದರಿಂದ ಈ ಕೊಯ್ತವನ್ನು ಬಿಡುವಂತಿಲ್ಲ.

ಕೊಯ್ದ ತೊಲೆಗಳನ್ನು ಸಮತಟ್ಟಾದ ಹಲಗೆಯ ಮೇಲೆ ಪೂರ್ತಿ ಉದ್ದಕ್ಕೂ ಆನಿಸಿ ಇಡಬೇಕು. ಎರಡು ತುದಿಗೆ ಮಾತ್ರ ಆಸರೆ ಕೊಟ್ಟು ಕಪಾಟಿನಲ್ಲಿಟ್ಟರೆ ತನ್ನ ಭಾರಕ್ಕೇ ನಡು ಜೋಲುತ್ತದೆ, ಪರೀಕ್ಷೆಗೆ ಮೊದಲೇ ತೊಲೆ ಕೆಟ್ಟಿರುತ್ತದೆ. ಯಂತ್ರದ ಪೆಟ್ಟಿಗೆಯಲ್ಲಿ 20 ಡಿಗ್ರಿಗೆ ತಂದು ಎರಡು ಗಂಟೆ ಬಿಟ್ಟು ಕ್ಲ್ಯಾಂಪ್ ಬಿಗಿಯುತ್ತಾರೆ. ಹೊರಗಿನ ಎರಡು ಹಿಡಿತಗಳ ನಡುವೆ ಸುಮಾರು 357 ಮಿ.ಮೀ., ಒಳಗಿನ ಎರಡರ ನಡುವೆ ಅದರ ಮೂರನೇ ಒಂದು.

ಇಲ್ಲಿ ಒಂದು ಲೆಕ್ಕ ಮಾಡಿ ನೋಡಿ. 400 ಮೈಕ್ರೋಸ್ಟ್ರೇನ್ (ಉದ್ದದ ಹತ್ತು ಲಕ್ಷದಲ್ಲಿ 400 ಪಾಲು ಹಿಗ್ಗುವಷ್ಟು) ಎಳೆತ ಕೊಡಬೇಕೆಂದರೆ ತೊಲೆಯ ನಡು ಬಾಗಬೇಕಾದದ್ದು ಬರೀ 0.22 ಮಿ.ಮೀ. ಕ್ಲ್ಯಾಂಪಿನಲ್ಲಿ 0.02 ಮಿ.ಮೀ. ಸಡಿಲವಿದ್ದರೂ, ಎಂದರೆ ತೆಳು ಕಾಗದಕ್ಕಿಂತಲೂ ಕಡಿಮೆ ಜಾಗವಿದ್ದರೂ, ಎಳೆತ ಶೇ. 10ರಷ್ಟು ತಪ್ಪುತ್ತದೆ. ಐಆರ್‌ಸಿ ಸೂತ್ರದಲ್ಲಿ ಆಯುಷ್ಯವು ಎಳೆತದ 3.89ನೇ ಘಾತಕ್ಕೆ ವಿಲೋಮವಾದ್ದರಿಂದ ಶೇ. 10ರ ತಪ್ಪು ಆಯುಷ್ಯದಲ್ಲಿ ಶೇ. 40ಕ್ಕೂ ಮಿಕ್ಕಿದ ತಪ್ಪಾಗಿ ಹೊರಬೀಳುತ್ತದೆ. ಆದ್ದರಿಂದ ವರದಿ ಕೈಗೆ ಬಂದಾಗ ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್ಕಿನ ಪ್ರಮಾಣ ತೊಲೆಯಿಂದ ಯಂತ್ರವನ್ನು ಕೊನೆಯ ಸಲ ಯಾವಾಗ ತಾಳೆ ನೋಡಿದರು ಎಂದು ಸಂಕೋಚವಿಲ್ಲದೆ ಕೇಳಿ.

50ನೇ ಬಾಗಿನಲ್ಲಿ ಅಳೆದ ಗಡುಸುತನವೇ ಆರಂಭದ ಲೆಕ್ಕ. ಅದು ಅರ್ಧಕ್ಕಿಳಿದಾಗ ತೊಲೆ ಸೋತಿತು ಎಂಬುದು ರೂಢಿಯ ಮಾನದಂಡ. ಈಚಿನ ಆವೃತ್ತಿಗಳಲ್ಲಿ ಗಡುಸುತನವನ್ನು ಬಾಗಿನ ಸಂಖ್ಯೆಯಿಂದ ಗುಣಿಸಿ ರೇಖೆ ಎಳೆದು, ಅದು ಶಿಖರ ಮುಟ್ಟಿದ ಜಾಗವನ್ನು ಸೋಲೆಂದು ಹಿಡಿಯುತ್ತಾರೆ. ನಮಗೆ ಈ ಎರಡನೆಯದೇ ಹೆಚ್ಚು ಒಪ್ಪಿಗೆ, ಏಕೆಂದರೆ ಪಾಲಿಮರ್ ಬೆರೆಸಿದ ಡಾಂಬರು ಗಡುಸುತನ ಅರ್ಧಕ್ಕಿಳಿದ ಮೇಲೂ ಬಿರುಕು ಬಿಡದೆ ಬಹುಕಾಲ ಎಳೆಯುವುದುಂಟು. ಮೂರು ಎಳೆತದ ಮಟ್ಟ, ಪ್ರತಿ ಮಟ್ಟಕ್ಕೆ ಕನಿಷ್ಠ ಮೂರು ತೊಲೆ, ಒಟ್ಟು ಒಂಬತ್ತು. ಎಳೆತವನ್ನು ತೊಲೆ 10,000 ಬಾಗಿಗಿಂತ ಮೊದಲೇ ಸೋಲದಂತೆ ಆರಿಸಬೇಕು. 10 ಹರ್ಟ್ಸ್‌ನಲ್ಲಿ ಗಂಟೆಗೆ 36,000 ಬಾಗು, ಹತ್ತು ಲಕ್ಷ ಮುಟ್ಟಲು 28 ಗಂಟೆ. ಅವಳಿ ತೊಲೆಗಳಲ್ಲೇ ಒಂದು ಇನ್ನೊಂದರ ಎರಡರಷ್ಟು ಬಾಳುವುದು ಈ ಪರೀಕ್ಷೆಯಲ್ಲಿ ಅಪರೂಪವಲ್ಲ. ಒಂದೇ ತೊಲೆಯ ಫಲಿತಾಂಶ ಹಿಡಿದು ತೀರ್ಮಾನ ಮಾಡಬೇಡಿ.

ಪ್ರಯೋಗಾಲಯದಲ್ಲಿ 3 ಲಕ್ಷ ಬಾಗು ಬಂದರೆ ರಸ್ತೆಯೂ 3 ಲಕ್ಷ ಆಕ್ಸಲ್‌ಗೆ ಸೋಲುತ್ತದೆ ಎಂದುಕೊಳ್ಳಬಾರದು. ರಸ್ತೆಯಲ್ಲಿ ಎರಡು ಲಾರಿಗಳ ನಡುವೆ ಬಿಡುವಿದೆ, ಆ ಬಿಡುವಿನಲ್ಲಿ ಡಾಂಬರು ಸ್ವಲ್ಪ ಕೂಡಿಕೊಳ್ಳುತ್ತದೆ. ಚಕ್ರಗಳೂ ಒಂದೇ ಗೆರೆಯ ಮೇಲೆ ಓಡುವುದಿಲ್ಲ. ಅಮೆರಿಕದ ಅಸ್ಫಾಲ್ಟ್ ಇನ್‌ಸ್ಟಿಟ್ಯೂಟ್ ತನ್ನ ಸೂತ್ರದಲ್ಲಿ ಈ ಅಂತರಕ್ಕೆಂದು 18.4ರಿಂದ ಗುಣಿಸುತ್ತದೆ. ಎರಡು ಮಿಶ್ರಣಗಳಲ್ಲಿ ಯಾವುದು ಮೇಲು ಎಂದು ಹೋಲಿಸುವುದಕ್ಕೆ ಈ ಪರೀಕ್ಷೆಯನ್ನು ಬಳಸಿ, ವರ್ಷ ಎಣಿಸುವುದಕ್ಕಲ್ಲ.

ಹೋಲಿಸುವಾಗಲೂ ಒಂದು ಹಳ್ಳವಿದೆ, ಅನುಭವಿಗಳೂ ಅದರಲ್ಲಿ ಬೀಳುತ್ತಾರೆ. ಮೇಲೆ ಹೇಳಿದ್ದು ಎಳೆತವನ್ನು ಸ್ಥಿರವಾಗಿಟ್ಟು ಮಾಡುವ ಪರೀಕ್ಷೆ. ಇದರಲ್ಲಿ ಮೆದು ಮಿಶ್ರಣ ಗೆಲ್ಲುತ್ತದೆ. ಭಾರವನ್ನು ಸ್ಥಿರವಾಗಿಟ್ಟು ಮಾಡಿದರೆ, ಉದಾಹರಣೆಗೆ ದುಂಡು ಬಿಲ್ಲೆಯನ್ನು ಅಡ್ಡಕ್ಕಿಟ್ಟು ಮೇಲಿಂದ ಮೇಲೆ ಒತ್ತುವ ಇನ್‌ಡೈರೆಕ್ಟ್ ಟೆನ್ಸೈಲ್ ಫಟೀಗ್ ಪರೀಕ್ಷೆಯಲ್ಲಿ, ಗಡುಸು ಮಿಶ್ರಣ ಗೆಲ್ಲುತ್ತದೆ. ಎರಡೂ ಸುಳ್ಳಲ್ಲ. ಒಟ್ಟು ಡಾಂಬರು 150 ಮಿ.ಮೀ. ದಾಟಿದ ರಸ್ತೆಯಲ್ಲಿ ಭಾರ ಹೊರುವುದೇ ಆ ಪದರ, ಅಲ್ಲಿ ಎರಡನೆಯದು ಹೊಂದುತ್ತದೆ. 50–75 ಮಿ.ಮೀ. ಪದರ ತನ್ನ ಕೆಳಗಿನ ಜಲ್ಲಿ ಬಾಗಿದಂತೆ ತಾನೂ ಬಾಗುತ್ತದೆ, ಅಲ್ಲಿ ಮೊದಲನೆಯದು. ನಿಮ್ಮ 80 ಮಿ.ಮೀ. ಈ ಕಡೆಗೇ ಹತ್ತಿರ. ಹಾಗೆಂದು ಮೆದು ಡಾಂಬರು ಹಾಕಿ ನಿಶ್ಚಿಂತರಾಗುವಂತೆಯೂ ಇಲ್ಲ. ಮಿಶ್ರಣ ಮೆದುವಾದಷ್ಟೂ ರಸ್ತೆಯಲ್ಲಿ ಅದರ ತಳದ ಎಳೆತ ಬದಲಾಗುತ್ತದೆ. 35 ಡಿಗ್ರಿಯಲ್ಲಿ ವಿಜಿ-30 ಮಿಶ್ರಣದ ಮಾಡ್ಯುಲಸ್ಸನ್ನು (ಗಡುಸುತನದ ಅಳತೆಯನ್ನು) ಐಆರ್‌ಸಿ 2000 ಮೆಗಾಪಾಸ್ಕಲ್ ಎಂದೂ ವಿಜಿ-40ರದನ್ನು 3000 ಎಂದೂ ಹಿಡಿಯುತ್ತದೆ. ನಿಮ್ಮ ರಸ್ತೆಯ ಪದರಗಳನ್ನು ಐಐಟಿಪೇವ್ ಎಂಬ ರಸ್ತೆ ವಿನ್ಯಾಸದ ತಂತ್ರಾಂಶಕ್ಕೆ ಕೊಟ್ಟು ತಳದ ಎಳೆತ ಎಷ್ಟೆಂದು ತೆಗೆದು, ಆ ಎಳೆತದಲ್ಲಿ ತೊಲೆ ಎಷ್ಟು ಬಾಗು ಬಾಳಿತು ಎಂದು ನೋಡಿದಾಗ ಮಾತ್ರ ಹೋಲಿಕೆ ನ್ಯಾಯವಾದದ್ದು.

ತೊಲೆ ಬಾಗಿಸುವ ಯಂತ್ರ ತಾಲ್ಲೂಕು ಮಟ್ಟದಲ್ಲಿ ಸಿಗುವಂಥದ್ದಲ್ಲ. ಸುರತ್ಕಲ್‌ನ ಎನ್‌ಐಟಿಕೆ, ಬೆಂಗಳೂರಿನ ಐಐಎಸ್‌ಸಿಯಂಥ ಕಡೆ ವಿಚಾರಿಸಬೇಕು, ಒಂದು ಮಿಶ್ರಣಕ್ಕೆ ವಾರಗಳೇ ಹಿಡಿಯುತ್ತವೆ. ಹಾಸನದಲ್ಲೇ ಆಗುವಂಥದ್ದು ಬೇಕಿದ್ದರೆ ಐಡಿಯಲ್-ಸಿಟಿ ಪರೀಕ್ಷೆ, ಅಮೆರಿಕದ ಮಾನಕ ಸಂಸ್ಥೆ ಎಎಸ್‌ಟಿಎಂನ ಡಿ 8225. ಟೆಕ್ಸಾಸ್‌ನ ಸಾರಿಗೆ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡದ್ದು. ಇದರ ಅನುಕೂಲವೆಂದರೆ ಬಿಲ್ಲೆಯನ್ನು ಒತ್ತುವ ವೇಗ ನಿಮಿಷಕ್ಕೆ 50 ಮಿ.ಮೀ., ಮಾರ್ಷಲ್ ಯಂತ್ರದ ವೇಗವೂ ಅದೇ. ಗರಗಸದ ಕೆಲಸವಿಲ್ಲ, ಗೀರು ಹಾಕುವುದಿಲ್ಲ. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜು, ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ಕಾಲೇಜುಗಳ ಸಿವಿಲ್ ವಿಭಾಗದಲ್ಲಿ ಕೇಳಿನೋಡಿ. ಬೇಕಾದದ್ದು ಎರಡು: ಮಾರ್ಷಲ್ ತಲೆಯ ಬದಲು ಬಿಲ್ಲೆಯ ದುಂಡಿಗೆ ಹೊಂದುವ ಲೋಡಿಂಗ್ ಪಟ್ಟಿಗಳು, ಜೊತೆಗೆ ಭಾರ ಮತ್ತು ಚಲನೆಯನ್ನು ಸೆಕೆಂಡಿಗೆ ಹತ್ತಾರು ಸಲ ದಾಖಲಿಸುವ ಲೋಡ್ ಸೆಲ್ ಮತ್ತು ಕಂಪ್ಯೂಟರ್. ಪ್ರೂವಿಂಗ್ ರಿಂಗಿನ (ಭಾರ ತೋರುವ ಉಕ್ಕಿನ ಬಳೆಯ) ಮುಳ್ಳನ್ನು ಕಣ್ಣಲ್ಲಿ ನೋಡಿ ಬರೆದುಕೊಳ್ಳುವುದು ಇಲ್ಲಿ ನಡೆಯುವುದಿಲ್ಲ. ಭಾರ ಶಿಖರ ಮುಟ್ಟಿ ಇಳಿಯುವ ಆ ಕೆಲವು ಸೆಕೆಂಡಿನ ರೇಖೆಯಲ್ಲೇ ಉತ್ತರವಿದೆ.

ಬಿಲ್ಲೆ 150 ಮಿ.ಮೀ. ವ್ಯಾಸ, 62 ಮಿ.ಮೀ. ದಪ್ಪ, ವಾಯ್ಡ್ಸ್ ಶೇ. 7, ಅದು ಶೇ. 0.5ಕ್ಕಿಂತ ಹೆಚ್ಚು ಅತ್ತಿತ್ತ ಆಗಬಾರದು. ಗರಿಷ್ಠ ಸಾಂದ್ರತೆ 2.500 ಆದರೆ ಅಚ್ಚಿನ ಗಾತ್ರ 1,096 ಘನ ಸೆಂ.ಮೀ. ಲೆಕ್ಕಕ್ಕೆ ಮಿಶ್ರಣ 2,547 ಗ್ರಾಂ ಬೇಕು. ಆದರೆ ಬಿಲ್ಲೆಯ ಹೊರಮೈಯ ತಗ್ಗುಗಳೂ ಅಚ್ಚಿನ ಗಾತ್ರದಲ್ಲಿ ಸೇರಿರುವುದರಿಂದ ನೀರಿನಲ್ಲಿ ತೂಗಿದಾಗ ವಾಯ್ಡ್ಸ್ ಲೆಕ್ಕಕ್ಕಿಂತ ಕಡಿಮೆ ಕಾಣುತ್ತದೆ. ಮೊದಲು ಒಂದೆರಡು ಬಿಲ್ಲೆ ಪ್ರಯೋಗಕ್ಕೆ ಒತ್ತಿ, ತೂಕ ತುಸು ಇಳಿಸಿ ಸರಿಮಾಡಿಕೊಳ್ಳಿ. 25 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು, ನಿಂತ ನಿಲುವಿನಲ್ಲಿ ಒತ್ತಿ ಸೀಳಬೇಕು. ರೇಖೆಯಡಿಯ ಕ್ಷೇತ್ರದಿಂದ ಒಡೆಯಲು ತಗುಲಿದ ಶಕ್ತಿ ಸಿಗುತ್ತದೆ. ಶಿಖರ ದಾಟಿ ಭಾರ ಶೇ. 75ಕ್ಕೆ ಇಳಿದ ಜಾಗದಲ್ಲಿ ರೇಖೆಯ ಇಳಿಜಾರು ಎಷ್ಟು ಕಡಿದು ಎಂದು ನೋಡಬೇಕು. ಕಡಿದಾಗಿ ಬಿದ್ದರೆ ಮಿಶ್ರಣ ಪೆಡಸು, ಬಿರುಕು ಒಮ್ಮೆ ಹುಟ್ಟಿದರೆ ಓಡುತ್ತದೆ. ನಿಧಾನಕ್ಕೆ ಇಳಿದರೆ ಎಳೆತ ತಾಳುವ ಮಿಶ್ರಣ. ಈ ಎಲ್ಲ ಸೇರಿ ಬರುವ ಅಂಕವೇ ಸಿಟಿ (ಬಿರುಕು ತಾಳುವ) ಸೂಚ್ಯಂಕ.

ಎರಡು ಎಚ್ಚರಿಕೆ. ಈ ಸೂಚ್ಯಂಕ ವಾಯ್ಡ್ಸ್ ಹೆಚ್ಚಾದಂತೆ ತಾನೂ ಹೆಚ್ಚುತ್ತದೆ, ರಸ್ತೆಯಲ್ಲಿ ನಡೆಯುವುದಕ್ಕೆ ಪೂರಾ ಉಲ್ಟಾ. ಸಡಿಲವಾಗಿ ಒತ್ತಿದ ಬಿಲ್ಲೆಗೆ ಚೆಂದದ ಅಂಕ ಬಂದುಬಿಡುತ್ತದೆ. ಆದ್ದರಿಂದ ವಾಯ್ಡ್ಸ್ ಬರೆಯದ ವರದಿಯನ್ನು ಪಕ್ಕಕ್ಕಿಡಿ. ಇನ್ನೊಂದು, 4 ಇಂಚಿನ ಮಾರ್ಷಲ್ ಬಿಲ್ಲೆಯಲ್ಲಿ ಬಂದ ಅಂಕವನ್ನು 150 ಮಿ.ಮೀ. ಬಿಲ್ಲೆಯ ಅಂಕದ ಪಕ್ಕ ಇಟ್ಟು ಹೋಲಿಸಬಾರದು. ಪಾಸ್-ಫೇಲ್ ಗೆರೆ ಹುಡುಕುವುದಕ್ಕಿಂತ ನಿಮ್ಮದೇ ಜಲ್ಲಿಯಲ್ಲಿ ಶೇ. 5.4, 5.6, 5.8 ಡಾಂಬರು ಹಾಕಿ, ತಲಾ ಮೂರು ಬಿಲ್ಲೆ ಒತ್ತಿ, ಅಂಕ ಎಲ್ಲಿ ಏರುತ್ತದೆ, ರಟ್ಟಿಂಗ್‌ಗೆ (ಚಕ್ರದ ಜಾಡು ತಗ್ಗಾಗುವುದಕ್ಕೆ) ಎಲ್ಲಿ ಭಯ ಶುರುವಾಗುತ್ತದೆ ಎಂದು ನೋಡುವುದು ಹೆಚ್ಚು ಉಪಯೋಗ. ಅರ್ಧಚಂದ್ರ ಬಿಲ್ಲೆಗೆ 15 ಮಿ.ಮೀ. ಗೀರು ಹಾಕಿ ಒಡೆಯುವ ಇಲಿನಾಯ್ ಪರೀಕ್ಷೆಯೂ ಇದೇ ಜಾತಿಯದು. ಗೀರು ನೇರವಾಗಿ ಬರುವುದು ಕಷ್ಟ, ಐಡಿಯಲ್-ಸಿಟಿ ಸಿಕ್ಕರೆ ಇದರ ಹಿಂದೆ ಹೋಗಬೇಕಿಲ್ಲ.

ಮಲೆನಾಡಿನಲ್ಲಿ ಇದರ ಜೊತೆಗೆ ನೀರಿನ ಪರೀಕ್ಷೆಯನ್ನೂ ಬಿಡಬೇಡಿ. ಶೇ. 7 ವಾಯ್ಡ್ಸ್‌ನ ಬಿಲ್ಲೆಗಳಿಗೆ ನಿರ್ವಾತದಲ್ಲಿ ನೀರು ಕುಡಿಸಿ, 60 ಡಿಗ್ರಿಯಲ್ಲಿ 24 ಗಂಟೆ ಇಟ್ಟು, ಸೀಳುವಾಗ ತಾಳಿದ ಬಲವನ್ನು ಒಣ ಬಿಲ್ಲೆಯ ಜೊತೆ ಹೋಲಿಸುವ ಆಶ್ಟೋ ಟಿ 283. ಅನುಪಾತ ಶೇ. 80ಕ್ಕಿಂತ ಕೆಳಗಿಳಿಯಬಾರದು. ಅರಸೀಕೆರೆ, ಕಡೂರಿನ ಒಣ ಬಯಲಿನಲ್ಲಿ ಅಂಚಿನಲ್ಲಿ ಪಾಸಾದ ಮಿಶ್ರಣವನ್ನು ಮೂಡಿಗೆರೆಗೆ ಒಯ್ಯುವುದಾದರೆ ಸುಣ್ಣ ಅಥವಾ ಆಂಟಿ-ಸ್ಟ್ರಿಪ್ಪಿಂಗ್ ರಾಸಾಯನಿಕ ಸೇರಿಸಿ ಮತ್ತೊಮ್ಮೆ ಪರೀಕ್ಷಿಸಿ.

ಇಷ್ಟೆಲ್ಲ ಮಾಡಿಯೂ ಸೈಟಿನಲ್ಲಿ ವಾಯ್ಡ್ಸ್ ಕೈತಪ್ಪಿದರೆ ಪರೀಕ್ಷೆಯ ದುಡ್ಡು ದಂಡ. ವಿಜಿ-30 ಮಿಶ್ರಣ ಹರಡುವಾಗ 140 ಡಿಗ್ರಿಗಿಂತ ಕಡಿಮೆ ಇರಬಾರದು, ರೋಲಿಂಗ್ 90ಕ್ಕೆ ಮೊದಲು ಮುಗಿಯಬೇಕು. ಪ್ಲಾಂಟು ಹಾಸನದ ಬಯಲಲ್ಲಿ, ಕೆಲಸ ಘಟ್ಟದ ತಿರುವಿನಲ್ಲಿ, ಮೇ ತಿಂಗಳ ಸಂಜೆ ಮೋಡ ಕವಿದು ಗಾಳಿ ಬೀಸುತ್ತಿದೆ, ಮಳೆಗೆ ಮೊದಲು ಮುಗಿಸುವ ಅವಸರ. ಆಗ 30 ಮಿ.ಮೀ. ಪದರ ಆರುವುದಕ್ಕೆ ಕೆಲವೇ ನಿಮಿಷ ಸಾಕು. ತಣಿದ ಮಿಶ್ರಣದ ಮೇಲೆ ಎಷ್ಟು ಸಲ ರೋಲರ್ ಓಡಿಸಿದರೂ ಜಲ್ಲಿ ಒಡೆಯುತ್ತದೆಯೇ ಹೊರತು ಸಾಂದ್ರತೆ ಏರುವುದಿಲ್ಲ. ಟಿಪ್ಪರಿಗೆ ತಾರ್ಪಾಲು ಎಲ್ಲ ಬದಿಯೂ ಮುಚ್ಚಿರಲಿ, ಪೇವರಿನ ಹಿಂದೆಯೇ ರೋಲರ್ ಇರಲಿ, ತಾಪಮಾನವನ್ನು ಪದರದ ಒಳಕ್ಕೆ ಕಡ್ಡಿ ಚುಚ್ಚಿ ಅಳೆಯಿರಿ. ಇನ್‌ಫ್ರಾರೆಡ್ ಗನ್ ಮೇಲ್ಮೈಯ ಬಿಸಿಯನ್ನಷ್ಟೇ ಹೇಳುತ್ತದೆ. ಗರಿಷ್ಠ ಸಾಂದ್ರತೆಯ ಶೇ. 92 ಮುಟ್ಟಿದರೆ ಸ್ಪೆಸಿಫಿಕೇಶನ್ ಒಪ್ಪುತ್ತದೆ, ಎಂದರೆ ವಾಯ್ಡ್ಸ್ ಶೇ. 8. ನಾವು ಮಲೆನಾಡಿನ ರಸ್ತೆಗೆ ಶೇ. 94 ಇಲ್ಲದೆ ಸಮಾಧಾನಪಡುವುದಿಲ್ಲ.

ಭಾರದ ಲೆಕ್ಕವನ್ನೂ ಸರಿಪಡಿಸಿಕೊಳ್ಳಿ. 2018ರಲ್ಲಿ ನಾಲ್ಕು ಟೈರಿನ ಒಂಟಿ ಆಕ್ಸಲ್‌ಗೆ ಕಾನೂನು ಒಪ್ಪಿದ ಭಾರ 10.2 ಟನ್ನಿನಿಂದ 11.5 ಟನ್ನಿಗೆ ಏರಿದೆ. 80 ಕಿಲೋನ್ಯೂಟನ್ನಿನ ಪ್ರಮಾಣ ಆಕ್ಸಲ್‌ಗೆ ಹೋಲಿಸಿದರೆ ನಾಲ್ಕನೇ ಘಾತದ ಲೆಕ್ಕದಲ್ಲಿ 11.5 ಟನ್ನಿನ ಒಂದು ಆಕ್ಸಲ್ ಸುಮಾರು ನಾಲ್ಕಕ್ಕೆ ಸಮ. ಮರ, ಜಲ್ಲಿ, ಎಂ-ಸ್ಯಾಂಡ್ ಹೊತ್ತ ಲಾರಿಗಳು ನಿಮ್ಮ ರಸ್ತೆಯಲ್ಲಿ ಎಷ್ಟಿವೆ ಎಂದು ನಿಂತು ಎಣಿಸಿದ ಮೇಲೆಯೇ 80 ಮಿ.ಮೀ. ಸಾಕೇ ಎಂದು ನಿರ್ಧರಿಸಿ.

ಕೊನೆಯದಾಗಿ, ಈಗಾಗಲೇ ಬಿರಿದಿರುವ ರಸ್ತೆಯ ವಿಚಾರ. ಎಡಚಕ್ರದ ಜಾಡು ಮೊದಲು ಸೋತಿದೆ ಎಂದಿದ್ದೀರಿ. ಅದು ಅಂಚಿಗೆ ಹತ್ತಿರದ ಜಾಡು. ತೋಟದ ದಿಬ್ಬದ ಕಡೆಯಿಂದ ಬಸಿದ ನೀರು ಚರಂಡಿ ಸೇರದೆ ರಸ್ತೆಯಡಿ ನುಗ್ಗುತ್ತಿದೆಯೇ ನೋಡಿ, ತಳದ ಮಣ್ಣು ನೆನೆದು ಮೆದುವಾದರೆ ಯಾವ ಮಿಶ್ರಣವೂ ತಾಳದು. ಮಳೆ ನಿಂತ ಮಾರನೇ ದಿನ ಹೋಗಿ ಲಾರಿ ದಾಟುವಾಗ ಗಮನಿಸಿ. ಬಿರುಕಿನಿಂದ ಕೆಂಪು ಕೆಸರು ಉಕ್ಕುತ್ತಿದ್ದರೆ ಮೇಲೆ ಇನ್ನೊಂದು ಪದರ ಹಾಕಿ ಪ್ರಯೋಜನವಿಲ್ಲ, ಅದೇ ಬಿರುಕು ಹೊಸ ಪದರದಲ್ಲೂ ಮೇಲೇರಿ ಬರುತ್ತದೆ. ಆ ತುಂಡನ್ನು ಡಾಂಬರಿನಡಿಯ ಜಲ್ಲಿ ಪದರವಾದ ವೆಟ್ ಮಿಕ್ಸ್‌ವರೆಗೂ ಚೌಕಾಕಾರವಾಗಿ ಕತ್ತರಿಸಿ ತೆಗೆದು, ಚರಂಡಿಯನ್ನು ರಸ್ತೆಯ ತಳಪದರಕ್ಕಿಂತ ಕೆಳಕ್ಕೆ ಇಳಿಸಿ, ತಳದಿಂದ ಕಟ್ಟಿಕೊಂಡು ಬನ್ನಿ. ಕೆಸರು ಉಕ್ಕದ ಕಡೆಯ ಬಿರುಕುಗಳಿಗೆ ಈ ಜೂನ್‌ನ ಮೊದಲ ಮಳೆಗೆ ಮುಂಚೆಯೇ ಸೀಲ್ ಹಾಕಿಸಿ.